99 ಫೋನ್, ಒಂದು ಕೈಗಾಡಿ, ಖಾಲಿ ರಸ್ತೆಯಲ್ಲಿ ಟ್ರಾಫಿಕ್ ಜಾಮ್

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರಾ? ಒಳ್ಳೇದು, ಇವತ್ತಿನ ವಿಷಯ ಟ್ರಾಫಿಕ್ಕೇ.

2020ರ ಫೆಬ್ರವರಿಯಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಒಂದು ವಿಡಿಯೊ ಹಾಕಿದ್ರು. ಪುಟ್ಟ ಕೆಂಪು ಕೈಗಾಡಿ, ಅದರೊಳಗೆ 99 ಹಳೇ ಸ್ಮಾರ್ಟ್‌ಫೋನ್, ಎಲ್ಲದರಲ್ಲೂ ಗೂಗಲ್ ಮ್ಯಾಪ್ಸ್ ಆನ್. ಅವರು ಆ ಗಾಡಿಯನ್ನ ಹೆಚ್ಚುಕಮ್ಮಿ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳ್ಕೊಂಡು ಹೋಗ್ತಾರೆ. ಮ್ಯಾಪ್‌ನಲ್ಲಿ ಆ ರಸ್ತೆ ಹಸಿರಿಂದ ಕೆಂಪಾಗುತ್ತೆ! ಜಾಮ್ ಇಲ್ವೇ ಇಲ್ಲ. ಆದ್ರೆ ಮ್ಯಾಪ್‌ಗೆ ಕಂಡಿದ್ದು ಆಮೆ ವೇಗದಲ್ಲಿ ಹೋಗ್ತಿರೋ 99 ಫೋನ್.

ಅಂದ್ರೆ, 'ಈ ದಾರಿ ಬೇಡ, ಆ ದಾರಿ ಹಿಡೀರಿ' ಅಂತ ಆ್ಯಪ್ ಕೊಡೋ ಸಲಹೆ ಹುಟ್ಟೋದು ನಮ್ಮ ಜೇಬಲ್ಲಿರೋ ಫೋನ್‌ಗಳಿಂದಾನೇ.

ಫೋನ್ ಕಳಿಸೋ ಈ ಮಾಹಿತಿಯಲ್ಲಿ ಎರಡು ವಿಷಯ ಇರುತ್ತೆ: ಎಲ್ಲಿ, ಯಾವಾಗ. ಎರಡೂ ಜೊತೆಗೇ ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ ಬೆಳಿಗ್ಗೆ 9ಕ್ಕೆ ಒಂಥರಾ, ರಾತ್ರಿ 2ಕ್ಕೆ ಇನ್ನೊಂಥರಾ ಅಲ್ವಾ? ಇನ್ನೊಂದು ಮಾತು: ಒಂದು ಸಿಗ್ನಲ್ ಕಟ್ಟಿಕೊಂಡ್ರೆ ಸ್ವಲ್ಪ ಹೊತ್ತಲ್ಲೇ ಪಕ್ಕದ ರಸ್ತೆಯೂ ಕಟ್ಟಿಕೊಳ್ಳುತ್ತೆ. ಮೆಷಿನ್ ಲರ್ನಿಂಗ್ ಕಲಿಯಬೇಕಾಗಿರೋದು ಈ ಹರಡುವ ರೀತಿಯನ್ನೇ. 2020ರಲ್ಲಿ ಗೂಗಲ್ ಮ್ಯಾಪ್ಸ್ ಮತ್ತು ಡೀಪ್‌ಮೈಂಡ್ ತಮ್ಮ ವಿಧಾನ ವಿವರಿಸಿದ್ವು. ಟ್ರಾಫಿಕ್ ಹಂಚಿಕೊಳ್ಳೋ ಅಕ್ಕಪಕ್ಕದ ರಸ್ತೆ ತುಂಡುಗಳನ್ನ ಸೇರಿಸಿ 'ಸೂಪರ್‌ಸೆಗ್ಮೆಂಟ್' ಮಾಡ್ತಾರೆ. ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಅನ್ನೋ ಮಾದರಿ, ಯಾವ ತುಂಡು ಯಾವುದಕ್ಕೆ ತಾಗಿದೆ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡು ಮುಂದೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಊಹಿಸುತ್ತೆ.

ಇಡೀ ಜಗತ್ತಿನ ಲೆಕ್ಕ ಒಂದು ಕಂಪ್ಯೂಟರ್‌ಗೆ ಆಗೋ ಕೆಲಸ ಅಲ್ಲ. ನಾನು ಬಿ.ಕಾಂ. ಓದಿದವನು, ನನಗೆ ಇದು ಬ್ರಾಂಚ್ ಅಕೌಂಟ್ಸ್ ಥರ ಕಾಣುತ್ತೆ. ಪ್ರತಿ ಬ್ರಾಂಚ್ ತನ್ನ ಲೆಕ್ಕ ಬರೆಯುತ್ತೆ, ಹೆಡ್ ಆಫೀಸ್ ಎಲ್ಲಾ ಸೇರಿಸುತ್ತೆ. 2004ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಪ್ರಕಟಿಸಿದ 'ಮ್ಯಾಪ್‌ರೆಡ್ಯೂಸ್' ಹೆಚ್ಚುಕಮ್ಮಿ ಇದೇ. ಒಂದು ಯಂತ್ರ ಕುಂಟ್ತಾ ಇದ್ರೆ ಅದೇ ಕೆಲಸವನ್ನ ಇನ್ನೊಂದಕ್ಕೂ ಕೊಡ್ತಾರೆ, ಯಾರು ಮೊದಲು ಮುಗಿಸ್ತಾರೋ ಅವರ ಉತ್ತರ ಸಾಕು. ಕಷ್ಟ ಬರೋದು ಗಡಿಯಲ್ಲಿ. ನಕ್ಷೆಯನ್ನ ತುಂಡು ಮಾಡಿ ಹಂಚಬಹುದು, ಆದ್ರೆ ಟ್ರಾಫಿಕ್ ಆ ಗೆರೆ ನೋಡಿ ನಿಲ್ಲಲ್ಲ. ಹಾಗಾಗಿ ಅಕ್ಕಪಕ್ಕದ ತುಂಡುಗಳ ಲೆಕ್ಕ ಒಂದಕ್ಕೊಂದು ತಲುಪ್ತಾ ಇರಬೇಕು.

ಈಗ ನಮಗೆ ತಟ್ಟೋ ವಿಷಯ. 'ಹೆಸರು, ನಂಬರ್ ತೆಗೆದುಹಾಕಿದ್ದೀವಿ, ಭಯ ಬೇಡ' ಅಂತಾರಲ್ಲ? 2013ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ದಾಖಲೆ, ಹೆಸರಿಲ್ಲದ್ದು. ಯಾವ ಟವರ್ ಹತ್ತಿರ, ಯಾವ ಗಂಟೆಯಲ್ಲಿ ಅನ್ನೋ ಬರೀ 4 ಬಿಂದು ಸಿಕ್ಕಿದ್ರೆ ಸಾಕು, 95% ಜನರ ದಾಖಲೆಯನ್ನ ಉಳಿದವರಿಂದ ಬೇರೆ ಮಾಡಿ ತೋರಿಸಬಹುದಿತ್ತು! ಯೋಚನೆ ಮಾಡಿ. ಮನೆ, ಆಫೀಸು, ಜಿಮ್ಮು, ಭಾನುವಾರ ಹೋಗೋ ಇನ್ನೊಂದು ಜಾಗ. ಈ ನಾಲ್ಕೂ ಹೊಂದೋ ಇನ್ನೊಬ್ಬರು ನಿಮ್ಮೂರಲ್ಲಿ ಇದ್ದಾರಾ?

ಇದಕ್ಕೆ ಒಂದು ದಾರಿ ಫೆಡರೇಟೆಡ್ ಲರ್ನಿಂಗ್. ಡೇಟಾ ಸರ್ವರ್‌ಗೆ ಹೋಗೋ ಬದಲು ಮಾದರಿಯೇ ಫೋನ್‌ಗೆ ಬರುತ್ತೆ. 2017ರಲ್ಲಿ ಗೂಗಲ್ ತನ್ನ ಜಿಬೋರ್ಡ್ ಕೀಬೋರ್ಡ್‌ನ ಸಲಹೆಗಳಿಗೆ ಇದನ್ನ ಪ್ರಯೋಗ ಮಾಡ್ತು. ಫೋನ್ ಚಾರ್ಜಿಗೆ ಹಾಕಿರುವಾಗ, ವೈಫೈ ಇದ್ದಾಗ ಕಲಿಕೆ ನಡೆಯುತ್ತೆ. ಹೊರಗೆ ಹೋಗೋದು ಕಲಿತದ್ದರ ಸಾರಾಂಶ ಮಾತ್ರ. ಅದರಿಂದಲೂ ಗುಟ್ಟು ಸೋರೋ ಸಾಧ್ಯತೆ ಇದೆ, ಅದಕ್ಕೇ ಸಾವಿರಾರು ಫೋನ್‌ಗಳದ್ದನ್ನ ಒಟ್ಟುಗೂಡಿಸಿ ನೋಡ್ತಾರೆ.

ನಾನಂತೂ ಮ್ಯಾಪ್ ಬಿಡಲ್ಲ, ನೀವೂ ಬಿಡಬೇಡಿ. ಆದ್ರೆ ಈ ಎಪಿಸೋಡ್ ಮುಗಿದ ಮೇಲೆ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಪರ್ಮಿಶನ್ ತೆಗೀರಿ. ಟಾರ್ಚ್ ಆ್ಯಪ್‌ಗೆ ನೀವೆಲ್ಲಿದ್ದೀರಿ ಅಂತ ಯಾಕೆ ಬೇಕು? ಬೇಡದ್ದಕ್ಕೆಲ್ಲ ಬಂದ್ ಮಾಡಿ, ಬೇಕಾದ್ದಕ್ಕೆ 'ಆ್ಯಪ್ ಬಳಸುವಾಗ ಮಾತ್ರ' ಅಂತ ಇಡಿ. ಎರಡು ನಿಮಿಷದ ಕೆಲಸ.

ಮುಂದಿನ ವಾರ ಸಿಗೋಣ. ಹುಷಾರಾಗಿ ಮನೆ ಸೇರ್ಕೊಳ್ಳಿ.