ಪೋಸ್ಟರಿನ ತೂಕ

ಮೊಳೆ ಜೋಡಿಸುವ ಕಾಲದಲ್ಲಿ ಪೋಸ್ಟರಿನ ತೂಕ ಕೈಗೇ ತಿಳಿಯುತ್ತಿತ್ತು. ಸೀಸದ ಮೊಳೆ, ದೊಡ್ಡ ಅಕ್ಷರಕ್ಕೆ ಮರದ ಅಚ್ಚು, ನಟರ ಮುಖಕ್ಕೆ ಲೋಹದ ಬ್ಲಾಕು. ಇಂದು ಆ ತೂಕವೆಲ್ಲ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಎಂಬಿ ಲೆಕ್ಕದಲ್ಲಿ ಕೂತಿದೆ. ಅದನ್ನು ಹದಕ್ಕೆ ಇಳಿಸುವುದೂ ಒಂದು ಕುಶಲ ಕಸುಬು. ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಊರ ಜಾತ್ರೆಗೆ ‘ಶ್ರೀಕೃಷ್ಣ ಪಾರಿಜಾತ’ ಆಟ ಇದೆ ಅಂದುಕೊಳ್ಳಿ. ಎ3 ಅಳತೆಯ ಪೋಸ್ಟರ್ ಬೇಕು. ಅಂದರೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಹತ್ತಿರ ನಿಂತು ಓದುವ ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಇರಬೇಕೆಂಬುದು ರೂಢಿ. ಹಾಗೆ ಲೆಕ್ಕ ಹಾಕಿದರೆ ಹಾಳೆಯ ತುಂಬ ಸುಮಾರು 1 ಕೋಟಿ 74 ಲಕ್ಷ ಚುಕ್ಕಿಗಳು. ಮುದ್ರಣದ ಬಣ್ಣ ನಾಲ್ಕು: ನೀಲಿ, ಗುಲಾಬಿ, ಹಳದಿ, ಕಪ್ಪು. ಒಂದೊಂದು ಚುಕ್ಕಿಗೂ ನಾಲ್ಕು ಬೈಟ್ ಹಿಡಿದರೆ ಒಂದೇ ಪದರದ ಚಿತ್ರ 70 ಎಂಬಿ. ಅದರ ಮೇಲೆ ಹತ್ತು ಪದರ ಪೇರಿಸಿದಿರೋ, ಕಡತ ಜಗ್ಗುವುದಿಲ್ಲ. ಜಿಮೇಲ್ ಲಗತ್ತಿನ ಮಿತಿಯೋ 25 ಎಂಬಿ.

ಅವಸರದ ಕೈಗಳು ಇಲ್ಲೇ ತಪ್ಪುತ್ತವೆ. ಇಡೀ ಪೋಸ್ಟರನ್ನು ಒಂದೇ ಜೆಪೆಗ್ ಮಾಡಿ 2 ಎಂಬಿಗೆ ಹಿಂಡಿಬಿಡುತ್ತಾರೆ. ಮುಖಗಳು ಹೇಗೋ ತಡೆದುಕೊಳ್ಳುತ್ತವೆ. ಮೊದಲು ಕೆಡುವುದು ಕನ್ನಡದ ಒತ್ತುಗಳು. ಷಕಾರದ ಕೆಳಗಿನ ಣಕಾರ ಮಸುಕಾಗಿ, ಅಕ್ಷರದ ಸುತ್ತ ಧೂಳು ಕವಿದಂತೆ ಕಾಣುತ್ತದೆ. ಇಂಥ ಪೋಸ್ಟರನ್ನು ಗೋಡೆಯ ಮೇಲೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೂಕವಿರುವುದು ಫೋಟೊದಲ್ಲಿ, ಅಕ್ಷರದಲ್ಲಲ್ಲ. ಬಲ್ಲವರು ಇವೆರಡನ್ನೂ ಬೇರೆಯಾಗಿಯೇ ಇಡುತ್ತಾರೆ. ಮೊಬೈಲಿನ ಫೋಟೊದಲ್ಲಿ ಸಾಮಾನ್ಯವಾಗಿ 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಪಾತ್ರಧಾರಿಯ ಮುಖ ಪೋಸ್ಟರಿನಲ್ಲಿ 3 ಇಂಚು ಅಗಲ, 4 ಇಂಚು ಎತ್ತರವಿದ್ದರೆ ಬೇಕಾಗುವುದು ಸುಮಾರು 11 ಲಕ್ಷ ಮಾತ್ರ. ಫೋಟೊವನ್ನು ಮೊದಲೇ ಆ ಅಳತೆಗೆ ಇಳಿಸಿಕೊಂಡರೆ ಕಣ್ಣಿಗೆ ಏನೂ ನಷ್ಟವಿಲ್ಲ. ಕೋರೆಲ್‌ಡ್ರಾದಲ್ಲಿ ಪವರ್‌ಕ್ಲಿಪ್ ಮಾಡಿ ಮುಖವಷ್ಟೇ ಕಾಣಿಸಿದರೂ ಮರೆಯಾದ ಗೋಡೆ, ಗಿಡ, ಪಕ್ಕದವರ ಭುಜವೆಲ್ಲ ಕಡತದೊಳಗೇ ಉಳಿದಿರುತ್ತವೆ. ಹೊರಗೆ ಕಾಣದ ತೂಕ ಅಡಗಿರುವುದು ಇಂಥಲ್ಲಿ.

ಅಕ್ಷರಗಳನ್ನು ರೇಖೆಯಾಗಿಯೇ ಇಟ್ಟು ‘ಕರ್ವ್ಸ್’ ಮಾಡಬೇಕು. ನುಡಿಯಂಥ ಹಳೆಯ ಬಗೆಯ ಫಾಂಟ್ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡ ಸಾಲೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗುತ್ತವೆ. ಕರ್ವ್ಸ್ ಮಾಡಿದರೆ ಆ ಭಯವಿಲ್ಲ, ತೂಕವೂ ಹೇಳುವಷ್ಟು ಹೆಚ್ಚುವುದಿಲ್ಲ. ಆದರೆ ಆಮೇಲೆ ಅಕ್ಷರ ತಿದ್ದಲು ಬಾರದು. ಆಟದ ದಿನ ಬದಲಾಗುವುದು ಹೊಸದೇನಲ್ಲವಲ್ಲ, ತಿದ್ದಬಹುದಾದ ಒಂದು ಪ್ರತಿ ಬೇರೆಯೇ ಇರಲಿ. ಕೊನೆಗೆ ಕಟಿಂಗಿಗೆಂದು ನಾಲ್ಕೂ ಅಂಚಿಗೆ 3 ಮಿ.ಮೀ. ಬಣ್ಣ ಹೆಚ್ಚು ಬಿಟ್ಟು ಪಿಡಿಎಫ್ ಮಾಡಿದರೆ ಕೆಲಸ ಮುಗಿಯಿತು.

ದೂರದಿಂದ ನೋಡುವ ದೊಡ್ಡ ಬ್ಯಾನರಿನ ಲೆಕ್ಕವೇ ಬೇರೆ. 10 ಅಡಿ ಎತ್ತರ, 20 ಅಡಿ ಉದ್ದದ ಬ್ಯಾನರಿಗೂ 300 ಚುಕ್ಕಿ ಎಂದು ಹಟ ಹಿಡಿದರೆ ಒಂದು ಬದಿಗೆ 36,000, ಇನ್ನೊಂದಕ್ಕೆ 72,000 ಚುಕ್ಕಿಗಳಾಗುತ್ತವೆ. ಫೋಟೊಶಾಪಿನ ಪಿಎಸ್‌ಡಿ ಕಡತ ಒಂದು ಬದಿಗೆ ಹಿಡಿಸುವುದೇ 30,000. ರಸ್ತೆಯಾಚೆಯಿಂದ ನೋಡುವ ಕಣ್ಣಿಗೆ ಇಂಚಿಗೆ 72 ಚುಕ್ಕಿ ಧಾರಾಳ.

ಪೋಸ್ಟರ್ ಮಾಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಫೋಟೊಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ; ಬರಿದೇ ಫೋಟೊ ಆಗಿ ಕಳಿಸಿದರೆ ದಾರಿಯಲ್ಲೇ ಅದು ಹಿಂಡಿಹೋಗುತ್ತದೆ. ಪ್ಲೇಟ್ ಮಾಡಿಸುವ ಮುನ್ನ ಪ್ರೂಫ್ ತರಿಸಿ, ಒಂದೊಂದು ಒತ್ತನ್ನೂ ಬೆರಳಿಟ್ಟು ಓದಿ. ಡಿಟಿಪಿ ಅಂಗಡಿಯವರಿಗೆ ಒಂದು ಸಂಜೆ ಹೆಚ್ಚು ಕೊಡಿ.