ನೀರೆತ್ತುವ ಸಣ್ಣ ಪೆಟ್ರೋಲ್ ಇಂಜಿನು: ಕಂಪ್ರೆಷನ್ ಕಡಮೆಯಾದಾಗ ಪರೀಕ್ಷಿಸುವ ಕ್ರಮ

ಟಿ. ದಾಸರಹಳ್ಳಿಯ ಸುತ್ತಣ ಭೂಮಿಯು ಈಗ ಬಹುಮಟ್ಟಿಗೆ ಮನೆಗಳಿಂದಲೂ ಪಕ್ಕದ ಪೀಣ್ಯದ ಕಾರ್ಖಾನೆಗಳಿಂದಲೂ ತುಂಬಿದೆ. ಆದರೂ ತುಮಕೂರು ರಸ್ತೆಯಲ್ಲಿ ಮುಂದೆ ನೆಲಮಂಗಲದ ಕಡೆ ಬೇಸಾಯವು ನಡೆದೇ ಇದೆ. ಪೈರಿಗೆ ನೀರು ಬೇಕಾದ ಸಮಯದಲ್ಲಿ ಇಂಜಿನು ನಿಂತುಹೋದರೆ, ಅದನ್ನು ಪಟ್ಟಣದ ರಿಪೇರಿಯವರಲ್ಲಿಗೆ ಸಾಗಿಸುವ ಮುನ್ನ ಹಿಡುವಳಿದಾರರು ತಾವೇ ಮಾಡಬಹುದಾದ ಪರೀಕ್ಷೆಯನ್ನು ಇಲ್ಲಿ ತಿಳಿಸಿದೆ.

ಕಂಪ್ರೆಷನ್ ಎಂದರೇನು?

ಪಿಸ್ಟನ್ನು ಮೇಲಕ್ಕೆ ಬರುವಾಗ ಸಿಲಿಂಡರಿನಲ್ಲಿರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮುವುದೇ ಕಂಪ್ರೆಷನ್. ಇದು ಸೋರಿದರೆ ಇಂಜಿನು ಹೊತ್ತಿಕೊಳ್ಳದು, ಹೊತ್ತಿಕೊಂಡರೂ ಬಲವಿರದು.

ಅಳೆಯುವ ಕ್ರಮ

1. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಅದರ ತಂತಿಯನ್ನು ಇಂಜಿನಿನ ಕಬ್ಬಿಣಕ್ಕೆ ತಾಗಿಸಿ ಕಟ್ಟತಕ್ಕದ್ದು. ಇಲ್ಲವಾದರೆ ಕಿಡಿ ಹಾರಿ ಪೆಟ್ರೋಲಿನ ಆವಿಗೆ ಬೆಂಕಿ ತಗಲೀತು.
2. ಪ್ಲಗ್ಗಿನ ರಂಧ್ರಕ್ಕೆ ಮಾಪಕವನ್ನು ತಿರುಗಿಸಿ ಕೂರಿಸಬೇಕು.
3. ಥ್ರಾಟ್ಲನ್ನು ಪೂರ್ತಿಯಾಗಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೂ ಹಗ್ಗವನ್ನು ಬಲವಾಗಿ ಎಳೆಯಬೇಕು.

ಡೀಸೆಲ್ ಇಂಜಿನಿಗೆ ಈ ಮಾಪಕವು ಸಲ್ಲದು. ಅದರ ಒತ್ತಡವು ಬಹಳ ಹೆಚ್ಚು.

ಮೊದಲು ಅಳತೆಯನ್ನೇ ಶಂಕಿಸಿರಿ

ಮುಳ್ಳು ಕೆಳಗೆ ನಿಂತಿತೆಂದ ಮಾತ್ರಕ್ಕೆ ಇಂಜಿನು ಸವೆಯಿತೆಂದು ಭಾವಿಸಬಾರದು. ಥ್ರಾಟ್ಲು ಮುಚ್ಚಿದ್ದರೆ ಗಾಳಿ ಒಳಹೋಗದೆ ಅಳತೆಯು ತಗ್ಗುವುದು. ಸಿಲಿಂಡರು ಚಿಕ್ಕದಾದುದರಿಂದ ಮಾಪಕದ ನಳಿಕೆಯೊಳಗಿನ ಜಾಗವೂ ಅಳತೆಯನ್ನು ತಗ್ಗಿಸಬಲ್ಲುದು. ಇದಲ್ಲದೆ ಅನೇಕ ನಾಲ್ಕು ಸ್ಟ್ರೋಕಿನ ಇಂಜಿನುಗಳಲ್ಲಿ, ಹಗ್ಗ ಎಳೆಯುವುದು ಹಗುರವಾಗಲೆಂದು, ನಿಧಾನವಾಗಿ ತಿರುಗುವಾಗ ವಾಲ್ವನ್ನು ತುಸು ತೆರೆದಿಡುವ ಏರ್ಪಾಡಿರುತ್ತದೆ. ಇಂಥವುಗಳಲ್ಲಿ ಇಂಜಿನು ಚೆನ್ನಾಗಿದ್ದರೂ ಮುಳ್ಳು ಕೆಳಗೇ ನಿಲ್ಲುವುದು.

ದೋಷವು ಎಲ್ಲಿದೆ?

ಪ್ಲಗ್ಗಿನ ರಂಧ್ರದ ಮೂಲಕ ಒಂದು ಸಣ್ಣ ಚಮಚೆಯಷ್ಟು ಇಂಜಿನ್ ಎಣ್ಣೆಯನ್ನು ಬಿಟ್ಟು ಪುನಃ ಅಳೆಯಿರಿ. ಎಣ್ಣೆಯು ರಿಂಗುಗಳ ಸಂದನ್ನು ಮುಚ್ಚುವುದರಿಂದ, ಅಳತೆಯು ಚೆನ್ನಾಗಿ ಏರಿದರೆ ರಿಂಗು ಅಥವಾ ಸಿಲಿಂಡರು ಸವೆದಿದೆಯೆಂದು ತಿಳಿಯತಕ್ಕದ್ದು. ಏರದಿದ್ದರೆ ದೋಷವು ವಾಲ್ವಿನಲ್ಲಿ ಅಥವಾ ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲಿರುವ ಸಂಭವವೇ ಹೆಚ್ಚು. ಎಣ್ಣೆಯನ್ನು ಮಿತಿಮೀರಿ ಹಾಕಿದರೆ ಅಳತೆಯು ಸುಳ್ಳಾಗುವುದು.

ವಾಲ್ವಿನ ಸಂದು ತೀರ ಕಡಮೆಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚದು. ಸಂದನ್ನು ಸರಿಪಡಿಸುವುದರಿಂದಲೇ ಹಲವು ವೇಳೆ ಇಂಜಿನು ಚೇತರಿಸಿಕೊಳ್ಳುವುದು. ಆದುದರಿಂದ ಸಿಲಿಂಡರನ್ನು ಕೊರೆಯಿಸುವ ದೊಡ್ಡ ವೆಚ್ಚಕ್ಕೆ ಕೈಹಾಕುವ ಮೊದಲು ಇದನ್ನು ನೋಡತಕ್ಕದ್ದು. ಎರಡು ಸ್ಟ್ರೋಕಿನ ಸಾಮಾನ್ಯ ಇಂಜಿನುಗಳಲ್ಲಿ ಇಂಥ ವಾಲ್ವುಗಳಿಲ್ಲ. ಅವುಗಳ ಸೈಲೆನ್ಸರನ್ನು ಬಿಚ್ಚಿ ಒಳಗೆ ನೋಡಿದರೆ ಪಿಸ್ಟನ್ನಿನ ಮೇಲಣ ಗೀರುಗಳು ಕಾಣುವುವು. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಓಡಿಸುವುದು ಇಂಥ ಗೀರುಗಳಿಗೆ ಮುಖ್ಯ ಕಾರಣ.

ಮುನ್ನೆಚ್ಚರಿಕೆ

ಗಾಳಿಯ ಜಾಲರಿಯನ್ನು ಆಗಾಗ ಶುದ್ಧಪಡಿಸಬೇಕು. ಹೊಲದ ಧೂಳು ಒಳಹೊಕ್ಕರೆ ರಿಂಗುಗಳನ್ನು ಬೇಗ ತಿಂದುಹಾಕುವುದು. ಗ್ರಾಮದ ಮುಖಂಡರು ಊರಿಗೆ ಒಂದು ಮಾಪಕವನ್ನು ತರಿಸಿಟ್ಟು, ಪ್ರತಿಯೊಂದು ಇಂಜಿನೂ ಹೊಸದಾಗಿರುವಾಗಲೇ ಅದರ ಅಳತೆಯನ್ನು ಬರೆಯಿಸಿಡುವುದು ಲೇಸು. ಅದೇ ಮಾಪಕದಿಂದ ಮುಂದೆ ಅಳೆದು ಹೋಲಿಸಿದರೆ ಎಷ್ಟು ಇಳಿಯಿತೆಂಬುದು ಸಂದೇಹವಿಲ್ಲದೆ ತಿಳಿಯುವುದು.