ನಿಮಗಿದು ಗೊತ್ತೆ? ಮಳೆಯ ಲೆಕ್ಕವೂ ಒಂದು ‘ಕಾಲಶ್ರೇಣಿ’

ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕನಕುಂಬಿಯಲ್ಲಿ ಬೆಳಗಾವಿ ನಗರಕ್ಕಿಂತ ಬಹಳ ಹೆಚ್ಚು ಮಳೆ. ಈ ಹೆಚ್ಚು-ಕಡಿಮೆ ತಿಳಿಯಲು ಮಳೆಮಾಪಕದಲ್ಲಿ ನಿಂತ ನೀರನ್ನು ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡುವುದು ರೂಢಿ. ಹೀಗೆ ದಿನಾಂಕದ ಕ್ರಮದಲ್ಲಿ ಸಾಲುಗಟ್ಟಿದ ಅಂಕಿಗಳೇ ಕಾಲಶ್ರೇಣಿ. ಕ್ರಮ ಕಲಸಿಬಿಟ್ಟರೆ ಸರಾಸರಿ ಬದಲಾಗದು. ಆದರೆ ಮುಂಗಾರು ಯಾವಾಗ ಬಂತೆಂಬುದೇ ಅಳಿಸಿಹೋಗುತ್ತದೆ! ಮೇ ತಿಂಗಳಿಗಿಂತ ಜುಲೈನಲ್ಲಿ ಮಳೆ ಹೆಚ್ಚಾಯಿತು ಎನ್ನುವುದು ಸುದ್ದಿಯೇ ಅಲ್ಲ, ಅದು ಋತುವಿನ ಆಟ. ಜುಲೈಯನ್ನು ಹಿಂದಿನ ಜುಲೈಗಳ ಜೊತೆಗೇ ಹೋಲಿಸಬೇಕು. ಒಂದೇ ವರ್ಷದ ಅಬ್ಬರ ನೋಡಿ ಮಳೆ ಏರುತ್ತಿದೆ ಎನ್ನಲಾಗದು. ಅದಕ್ಕೇ ಐದೋ ಹತ್ತೋ ವರ್ಷಗಳ ಸರಾಸರಿ ತೆಗೆದು, ಒಂದೊಂದೇ ವರ್ಷ ಮುಂದೆ ಸರಿಯುತ್ತ ಹೋಗುವ ‘ಚಲಿಸುವ ಸರಾಸರಿ’ಯನ್ನು ಬಳಸುತ್ತಾರೆ. ಹೋಲಿಕೆಗೆ ಆಧಾರವಾದ ‘ವಾಡಿಕೆ ಮಳೆ’ಯನ್ನು ಹವಾಮಾನ ಇಲಾಖೆ ಈಗ ಲೆಕ್ಕ ಹಾಕುವುದು 1971ರಿಂದ 2020ರವರೆಗಿನ 50 ವರ್ಷಗಳ ಅಂಕಿಗಳಿಂದ.